ಉದ್ಯಾನ ಒಂದಡಿ ತಗ್ಗಲಿ

ಮೇ ತಿಂಗಳ ಒಂದು ಸಂಜೆ. ಬೆಂಗಳೂರಿನ ಯಾವುದೋ ಬಡಾವಣೆಯ ಉದ್ಯಾನ. ದಪ್ಪ ಹನಿಗಳು ಶುರುವಾದ ಕೂಡಲೇ ವಾಕಿಂಗ್‌ಗೆ ಬಂದವರೆಲ್ಲ ಗೇಟಿನ ಪಕ್ಕದ ಚಪ್ಪರದಡಿ ಗುಂಪುಗೂಡುತ್ತಾರೆ. ಅಲ್ಲಿ ನಿಂತವರ ಕಣ್ಣೆದುರೇ ಒಂದು ವಿಚಿತ್ರ ನಡೆಯುತ್ತಿರುತ್ತದೆ. ನಡಿಗೆ ದಾರಿಯ ಇಂಟರ್‌ಲಾಕ್ ಟೈಲ್ಸ್ ಮೇಲೆ ಬಿದ್ದ ನೀರು ಗೇಟಿನತ್ತ ಜಾರುತ್ತದೆ. ಹುಲ್ಲುಹಾಸಿನ ಮೇಲೆ ಬಿದ್ದದ್ದೂ ಅಲ್ಲಿ ನಿಲ್ಲುವುದಿಲ್ಲ. ಲೋಡುಗಟ್ಟಲೆ ಕೆಮ್ಮಣ್ಣು ಸುರಿದು, ಕಲ್ಲು ಕಟ್ಟಿ ಎತ್ತರಿಸಿದ ದಿಬ್ಬ ಅದು. ಕೆಂಪು ನೀರು ಗೇಟಿನಡಿ ನುಸುಳಿ ರಸ್ತೆಗಿಳಿದು, ಚರಂಡಿಯ ಜಾಲರಿ ಹುಡುಕಿಕೊಂಡು ಓಡುತ್ತದೆ. ಜಾಲರಿಗೆ ಎಲೆ, ಹಾಲಿನ ಕವರು, ನೀರಿನ ಬಾಟಲಿ ಕಚ್ಚಿಕೊಂಡಿರುತ್ತವೆ. ಅರ್ಧ ಗಂಟೆಯಲ್ಲಿ ಬೀದಿಯೇ ಹಳ್ಳ.

ನಾಲ್ಕು ದಿನ ಬಿಸಿಲು ಬಂದರೆ ಅದೇ ಹುಲ್ಲಿಗೆ ಮಾಲಿ ಪೈಪ್ ಹಿಡಿದು ಕೊಳವೆಬಾವಿಯ ನೀರು ಬಿಡುತ್ತಾನೆ.

ಈ ಎರಡು ದೃಶ್ಯಗಳ ನಡುವೆ ಇರುವ ತಪ್ಪನ್ನು ಮಟ್ಟಗೋಲು ಇಟ್ಟು ಅಳೆಯಬಹುದು. ಉದ್ಯಾನ ರಸ್ತೆಗಿಂತ ಎತ್ತರದಲ್ಲಿದೆ. ಅದು ಒಂದಡಿ ತಗ್ಗಿನಲ್ಲಿದ್ದಿದ್ದರೆ ಬೀದಿಯ ನೀರೇ ಒಳಗೆ ಬಂದು, ಒಂದೆರಡು ದಿನ ನಿಂತು, ನೆಲಕ್ಕೆ ಇಂಗುತ್ತಿತ್ತು. ರಾಜಕಾಲುವೆಯ ಗೋಡೆಗಳನ್ನು ಎತ್ತರಿಸಲು ಹಣ ಸುರಿಯುವ ನಗರ, ಅದಕ್ಕೂ ಮೊದಲು ಉದ್ಯಾನಗಳ ನೆಲವನ್ನು ತಗ್ಗಿಸುವ ಬಗ್ಗೆ ಯೋಚಿಸಬೇಕಿದೆ.

2022ರ ಸೆಪ್ಟೆಂಬರ್ ಮೊದಲ ವಾರವನ್ನು ಬೆಂಗಳೂರು ಮರೆತಿರಲಾರದು. 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ 131.6 ಮಿ.ಮೀ. ಮಳೆ ಸುರಿದಿತ್ತು. ಬೆಳ್ಳಂದೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರಗೆ ತರಲಾಯಿತು. ಆಮೇಲೆ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಮಾರ್ಚ್‌ನಲ್ಲಿ, ಅದೇ ನಗರದಲ್ಲಿ ಟ್ಯಾಂಕರ್‌ಗಾಗಿ ಹೊಡೆದಾಟ. ಸರ್ಕಾರ ಕೊಟ್ಟ ಲೆಕ್ಕದಂತೆಯೇ ನಗರದ ಸುಮಾರು 14,000 ಕೊಳವೆಬಾವಿಗಳ ಪೈಕಿ 6,900 ಬತ್ತಿಹೋಗಿದ್ದವು. ಆ ವರ್ಷದ ಅಕ್ಟೋಬರ್‌ನಲ್ಲಿ ಮತ್ತೆ ನೆರೆ. ಯಲಹಂಕದ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ಮತ್ತೆ ದೋಣಿ.

ನೆರೆಗೆ ಒಂದು ಇಲಾಖೆ, ಬರಕ್ಕೆ ಇನ್ನೊಂದು. ಒಬ್ಬರು ಮಳೆನೀರನ್ನು ಆದಷ್ಟು ಬೇಗ ಊರಾಚೆ ಸಾಗಹಾಕುವ ಚಿಂತೆಯಲ್ಲಿದ್ದರೆ, ಮತ್ತೊಬ್ಬರು ನೂರು ಕಿಲೋಮೀಟರ್ ಆಚೆಯ ಕಾವೇರಿಯನ್ನು ಪಂಪ್ ಮಾಡಿ ಮೇಲಕ್ಕೆ ತರುವ ಚಿಂತೆಯಲ್ಲಿದ್ದಾರೆ. ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ಇದು. 30×40ರ ಒಂದು ಸೈಟಿನ ಮೇಲೆ ವರ್ಷಕ್ಕೆ ಬೀಳುವ ನೀರೇ ಒಂದು ಲಕ್ಷ ಲೀಟರ್ ದಾಟುತ್ತದೆ. ಅದು ಬಿದ್ದಲ್ಲೇ ಇಂಗುವುದಕ್ಕೆ ಈಗ ಬರಿ ಮಣ್ಣು ಸಿಗುವುದು ಅಪರೂಪ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಮಾಡಿದ ಅಧ್ಯಯನದ ಪ್ರಕಾರ, 1973ರಲ್ಲಿ ನಗರದ ನೆಲದಲ್ಲಿ ಕಟ್ಟಡ, ಕಾಂಕ್ರೀಟು, ಡಾಂಬರಿನ ಪಾಲು ಶೇ 8ರಷ್ಟಿತ್ತು. ನಾಲ್ಕು ದಶಕಗಳಲ್ಲಿ ಅದು ಶೇ 70 ದಾಟಿತು. ಉಳಿದ ಚೂರುಪಾರು ಮಣ್ಣಿನಲ್ಲಿ ಸರ್ಕಾರದ ಕೈಯಲ್ಲೇ ಇರುವುದೆಂದರೆ ಉದ್ಯಾನ ಮತ್ತು ಮೈದಾನ.

ತಗ್ಗಿನಲ್ಲಿ ನೀರು ನಿಲ್ಲಿಸಿ ಇಂಗಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕರಾವಳಿಯಲ್ಲಿ ಗುಡ್ಡದ ಮೇಲಿನ ಮದಕ ತುಂಬಿದರೆ ಕೆಳಗಿನ ತೋಟದ ಬಾವಿ ಬೇಸಿಗೆ ದಾಟುತ್ತದೆ ಎಂಬುದು ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು. ಬಯಲುಸೀಮೆಯಲ್ಲಿ ದನಕರು ನೀರು ಕುಡಿಯುವ ಗೋಕಟ್ಟೆ ಸುತ್ತಲಿನ ಬಾವಿಗೂ ಒರತೆ ಕೊಡುತ್ತಿತ್ತು. ಜಲಾನಯನ ಇಲಾಖೆಯ ಕಡತಗಳಲ್ಲಿ ‘ಜಿನುಗು ಕೆರೆ’ ಎಂಬ ಚೆಂದದ ಹೆಸರೇ ಇದೆ. ನೀರು ತುಂಬಿಸಿಟ್ಟುಕೊಳ್ಳುವುದು ಕೆರೆಯ ಕೆಲಸ. ಬೇಗ ಖಾಲಿಯಾಗುವುದು ಜಿನುಗು ಕೆರೆಯ ಕೆಲಸ. ನಗರದ ಉದ್ಯಾನಕ್ಕೆ ಬೇಕಿರುವುದು ಇದರ ತಮ್ಮನಂಥ ಒಂದು ಇಂಗುಕೊಳ. ಮಳೆ ಬಂದಾಗ ಮೊಣಕಾಲಿಗಿಂತ ಕೆಳಗೆ ನೀರು, ಎರಡು ದಿನ ಕಳೆದರೆ ಮತ್ತೆ ಹುಲ್ಲು, ವರ್ಷದ ಮುನ್ನೂರು ದಿನ ಮಕ್ಕಳು ಕ್ರಿಕೆಟ್ ಆಡುವ ಬಯಲು.

ಇದನ್ನು ನಗರದ ಮಟ್ಟದಲ್ಲಿ ಮಾಡಿ ತೋರಿಸಿದವರಿದ್ದಾರೆ. ನ್ಯೂಯಾರ್ಕ್ ನಗರದ ಪೂರ್ವಕ್ಕೆ ಚಾಚಿಕೊಂಡಿರುವ ಲಾಂಗ್ ಐಲ್ಯಾಂಡ್‌ನ ನಾಸೋ ಕೌಂಟಿ 1935ರಲ್ಲೇ ಇಂಗುಕೊಳ ಅಗೆಯಲು ತೊಡಗಿತು. ಪರಿಸರ ಪ್ರೀತಿಗಿಂತ ಮುಂಚೆ ಅಲ್ಲಿ ಕೆಲಸ ಮಾಡಿದ್ದು ಜಮಾ–ಖರ್ಚಿನ ಲೆಕ್ಕ. ದ್ವೀಪದ ನಡುವಿನ ಬಡಾವಣೆಗಳ ಮಳೆನೀರನ್ನು ಸಮುದ್ರದವರೆಗೆ ದೊಡ್ಡ ಪೈಪಿನಲ್ಲಿ ಒಯ್ಯುವುದಕ್ಕಿಂತ, ಬಡಾವಣೆಯ ಮೂಲೆಯಲ್ಲೇ ಗುಂಡಿ ತೋಡಿ ಇಂಗಿಸುವುದು ಅಗ್ಗವಾಗಿತ್ತು. ಹೊಸ ಬಡಾವಣೆ ಬಂದಲ್ಲೆಲ್ಲ ಒಂದು ಕೊಳ ಬಂತು. 1960ರ ದಶಕ ಮುಗಿಯುವ ಹೊತ್ತಿಗೆ ನಾಸೋ ಮತ್ತು ಸಫೋಕ್ ಕೌಂಟಿಗಳಲ್ಲಿ ಅವುಗಳ ಸಂಖ್ಯೆ 2,000 ಮೀರಿತ್ತು. ಅಲ್ಲಿನ ಜನ ಕುಡಿಯುವುದು ಅಂತರ್ಜಲವನ್ನೇ ಆದ್ದರಿಂದ, ಮೋರಿಗೆ ಹೋಗಬೇಕಿದ್ದ ನೀರು ನಲ್ಲಿಗೆ ಬಂದಂತಾಯಿತು.

ಲಾಂಗ್ ಐಲ್ಯಾಂಡಿನದು ಮರಳು ನೆಲ, ಸುರಿದಷ್ಟೂ ಕುಡಿಯುತ್ತದೆ, ಅದರ ಮಾತು ಬೇರೆ ಎಂದು ತಳ್ಳಿಹಾಕಬಹುದು. ಅದಕ್ಕೆ ಕ್ಯಾಲಿಫೋರ್ನಿಯಾದ ಫ್ರೆಸ್ನೋ ನೋಡಬೇಕು. ವರ್ಷಕ್ಕೆ ಬೀಳುವುದೇ 280 ಮಿ.ಮೀ. ಆಸುಪಾಸು ಮಳೆ, ಚಿತ್ರದುರ್ಗಕ್ಕಿಂತಲೂ ಒಣ ಊರು. ನೆರೆ ನಿಯಂತ್ರಣಕ್ಕೆಂದು 1956ರಲ್ಲಿ ಅಲ್ಲಿ ಹುಟ್ಟಿದ ಸಂಸ್ಥೆಯೊಂದು ಇಡೀ ನಗರವನ್ನು ಸಣ್ಣ ಸಣ್ಣ ಜಲಾನಯನಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಕೊಳವೆಂಬಂತೆ 150ಕ್ಕೂ ಹೆಚ್ಚು ಕೊಳಗಳನ್ನು ಮಾಡಿದೆ. ಚಳಿಗಾಲದ ಮಳೆನೀರು ಅವುಗಳಲ್ಲಿ ಇಳಿಯುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಕೆಲವು ಕೊಳಗಳ ತಳ ಆಟದ ಮೈದಾನವಾಗುತ್ತದೆ. ಇದೇ ನಗರದಲ್ಲಿ ನೀರಿಂಗಿಸಲೆಂದೇ ಬಿಟ್ಟಿರುವ ಇನ್ನೊಂದು ಜಾಗಕ್ಕೆ ‘ಸೋರುವ ಎಕರೆಗಳು’ ಎಂಬರ್ಥದ ಹೆಸರಿಟ್ಟಿದ್ದಾರೆ. ಸೋರುವುದೇ ಅದರ ಗುಣ ಎಂದು ಬೋರ್ಡು ಹಾಕಿಕೊಂಡ ಸರ್ಕಾರಿ ಕಾಮಗಾರಿ ಲೋಕದಲ್ಲಿ ಇನ್ನೆಲ್ಲಿದೆಯೋ!

ದೂರದ ಮಾತು ಬೇಡವೆಂದರೆ ನೆರೆಮನೆ ಚೆನ್ನೈ ಇದೆ. 2015ರ ಡಿಸೆಂಬರ್‌ನಲ್ಲಿ ಮುಳುಗಿ, 2019ರ ಜೂನ್‌ನಲ್ಲಿ ಕುಡಿಯುವ ನೀರಿಗೆ ರೈಲು ಕಾದ ನಗರ ಅದು. ಅಲ್ಲಿನ ಮಹಾನಗರ ಪಾಲಿಕೆ ಈಚಿನ ವರ್ಷಗಳಲ್ಲಿ ಐವತ್ತಕ್ಕೂ ಹೆಚ್ಚು ಉದ್ಯಾನಗಳ ಒಳಗೆ ತಗ್ಗು ಅಗೆದು ‘ಸ್ಪಂಜ್ ಪಾರ್ಕ್’ ಮಾಡಿದೆ.

ಈಗ ಬೆಂಗಳೂರಿನ ಲೆಕ್ಕ. ಹತ್ತು ಎಕರೆಯ ಒಂದು ಬಡಾವಣೆ ಇದೆ ಎನ್ನೋಣ. ಒಂದು ಜೋರು ಮಳೆಗೆ 50 ಮಿ.ಮೀ. ಸುರಿದರೆ ಅದರ ಮೇಲೆ ಬೀಳುವ ನೀರು 20 ಲಕ್ಷ ಲೀಟರ್. ಸೂರು, ರಸ್ತೆ, ಅಂಗಳಗಳಿಂದ ಶೇ 70ರಷ್ಟು ಹರಿದು ಹೋಗುತ್ತದೆ ಎಂದಿಟ್ಟುಕೊಂಡರೆ 14 ಲಕ್ಷ ಲೀಟರ್ ಚರಂಡಿಗೆ. ಬಡಾವಣೆ ನಕ್ಷೆಯಲ್ಲಿ ಉದ್ಯಾನ, ಬಯಲಿಗೆಂದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ಬಿಡುತ್ತಾರೆ, ಅಂದರೆ ಒಂದು ಎಕರೆ. ಆ ಒಂದು ಎಕರೆ ಒಂದಡಿ ತಗ್ಗಿದರೆ ಹಿಡಿಯುವ ನೀರು 12 ಲಕ್ಷ ಲೀಟರಿಗೂ ಮಿಗಿಲು. ಮರಗಳ ಬುಡ ಅಗೆಯುವಂತಿಲ್ಲ, ಜೋಕಾಲಿ ಇರುವ ಜಾಗ ಮುಟ್ಟುವಂತಿಲ್ಲ. ಅರ್ಧವನ್ನೇ ತಗ್ಗಿಸಿದರೂ 6 ಲಕ್ಷ ಲೀಟರ್. ಬೇಸಿಗೆಯಲ್ಲಿ ಕೈಕಾಲು ಹಿಡಿದು ಕರೆಸುವ 6,000 ಲೀಟರಿನ ಟ್ಯಾಂಕರ್ ಎಷ್ಟಾಯಿತು? ನೂರು. ಅದೂ ಒಂದೇ ಮಳೆಗೆ.

ಅಷ್ಟೂ ನೀರು ಕುಡಿಯುವುದಕ್ಕೆ ಸಿಗುತ್ತದೆ ಎಂದಲ್ಲ. ಆದರೆ ಅದು ಆ ಅರ್ಧ ಗಂಟೆ ರಾಜಕಾಲುವೆಗೆ ಹೋಗುವುದಿಲ್ಲ. ನೆರೆ ಬರುವುದು ನೀರು ಹೆಚ್ಚಾಗಿ ಎನ್ನುವುದಕ್ಕಿಂತ, ಎಲ್ಲರ ನೀರೂ ಒಟ್ಟಿಗೆ ಬಂದು. ಮಜೆಸ್ಟಿಕ್ ನಿಲ್ದಾಣದ ಬಸ್ಸುಗಳೆಲ್ಲ ಆರು ಗಂಟೆಗೇ ಹೊರಟರೆ ಏನಾದೀತೋ, ಸೂರಿನಿಂದ ಪೈಪಿಗೆ, ಪೈಪಿನಿಂದ ಚರಂಡಿಗೆ ನೇರ ದಾರಿ ಮಾಡಿಕೊಟ್ಟ ನಗರದಲ್ಲಿ ಆಗುತ್ತಿರುವುದೂ ಅದೇ. (ಆ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎನ್ನುವುದು ಬೇರೆ ಮಾತು.) ಪ್ರತಿ ಬಡಾವಣೆಯೂ ತನ್ನ ಪಾಲಿನ ಅರ್ಧವನ್ನು ಒಂದು ಗಂಟೆ ತಡೆದು ಹಿಡಿದರೆ, ಕಣಿವೆಯಲ್ಲಿರುವ ಕಾಲುವೆಗೆ ಉಸಿರಾಡಲು ಸಮಯ ಸಿಗುತ್ತದೆ.

ಎಲ್ಲ ಕಡೆಯೂ ಇದು ಆಗುವುದಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಬೆಂಗಳೂರು ಗುಡ್ಡದ ಬೆನ್ನಿನ ಮೇಲೆ ಕೂತಿರುವ ಊರು. ನೀರು ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಎಂಬ ಮೂರು ಮುಖ್ಯ ಕಣಿವೆಗಳಿಗೆ ಇಳಿಯುತ್ತದೆ. ಕಣಿವೆಯ ತಳದಲ್ಲಿ, ಕೆರೆಯ ಮಗ್ಗುಲಲ್ಲಿ, ನಾಲ್ಕಡಿ ಅಗೆದರೆ ನೀರು ಒಸರುವ ಕಡೆ ಇಂಗುಕೊಳ ಮಾಡುವುದು ಹಣ ಪೋಲು. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ. ಕೆಲಸ ಆಗಬೇಕಿರುವುದು ಮೇಲಿನ ದಿಣ್ಣೆಗಳಲ್ಲಿ, ಹಳೆಯ ಬಡಾವಣೆಗಳ ಉದ್ಯಾನಗಳಲ್ಲಿ. ಇದರಲ್ಲೊಂದು ರಾಜಕೀಯ ತೊಡಕೂ ಇದೆ. ಮುಳುಗುವವರು ಕೆಳಗಿನ ವಾರ್ಡಿನವರು, ಗುದ್ದಲಿ ಹಿಡಿಯಬೇಕಾದದ್ದು ಮೇಲಿನ ವಾರ್ಡಿನವರು. ತಮ್ಮ ಬೀದಿಯಲ್ಲಿ ನೀರೇ ನಿಲ್ಲದ ಮೇಲಿನವರಿಗೆ ಉದ್ಯಾನ ಅಗೆಯುವ ಉಸಾಬರಿ ಏಕೆ ಎನಿಸುವುದು ಸಹಜ. ಆದರೆ ಅವರ ಕೊಳವೆಬಾವಿಗಳೂ ಸಾವಿರ ಅಡಿ ದಾಟಿವೆ. ಇಂಗಿದ ನೀರಿನ ಮೊದಲ ಪಾಲು ದಿಣ್ಣೆಯವರಿಗೇ ದಕ್ಕುತ್ತದೆ.

ನೆಲ ನೀರು ಕುಡಿಯುತ್ತದೋ ಇಲ್ಲವೋ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಬಾವಿ ತೋಡುವ ಮಣ್ಣು ವಡ್ಡರ ಕುಶಲಿಗರು ಹಾರೆ ಹಾಕಿದ ಸದ್ದಿನಲ್ಲೇ ಮಣ್ಣಿನ ಗುಣ ಹೇಳುವವರು. ಮೇಲೆ ಕೆಮ್ಮಣ್ಣು, ಕೆಲವು ಕಡೆ ಅದರಡಿ ಜೇಡಿಯ ಪದರ, ಅದನ್ನು ದಾಟಿದರೆ ಗರಸು, ಆಮೇಲೆ ಬಂಡೆ. ಅವರಿಲ್ಲದ ಕಡೆ ಹೀಗೂ ನೋಡಬಹುದು: ಉದ್ಯಾನದ ತಗ್ಗಿನ ಮೂಲೆಯಲ್ಲಿ ಒಂದಡಿ ಆಳದ ಗುಂಡಿ ತೆಗೆದು, ಒಂದು ಸಲ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ, ಇಂಚಿನ ಗುರುತು ಹಾಕಿದ ಕಡ್ಡಿ ನೆಟ್ಟು ಗಂಟೆಗೊಮ್ಮೆ ನೋಡುವುದು. ಗಂಟೆಗೆ ಅರ್ಧ ಇಂಚು ಇಳಿದರೂ ಸಾಕು. ಒಂದಡಿ ನೀರು 24 ಗಂಟೆಯಲ್ಲಿ ಮುಗಿಯುತ್ತದೆ. ಅಷ್ಟೂ ಇಳಿಯದಿದ್ದರೆ ಕೆಳಗೆ ಜೇಡಿ ಇದೆ ಎಂದು ಅರ್ಥ. ಆಗ ಕೊಳದ ತಳದಲ್ಲಿ ಸಿಮೆಂಟ್ ರಿಂಗ್ ಇಳಿಸಿದ ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದೆರಡು ಇಂಗುಬಾವಿ ಮಾಡಿದರೆ ನೀರು ಜೇಡಿಯನ್ನು ದಾಟಿ ಗರಸಿಗೆ ಸೇರುತ್ತದೆ. ಕಬ್ಬನ್ ಉದ್ಯಾನದಲ್ಲಿ ಹೂಳು ತುಂಬಿ ಪಾಳು ಬಿದ್ದಿದ್ದ ಹಳೆಯ ಏಳು ತೆರೆದ ಬಾವಿಗಳನ್ನು ಸ್ವಚ್ಛಗೊಳಿಸಿ, ಸುತ್ತ ಇಂಗುಬಾವಿಗಳನ್ನು ತೋಡಿದ ಮೇಲೆ ಅವುಗಳಲ್ಲಿ ನೀರು ಕಂಡಿತು. ನಗರದ ನಡುಮಧ್ಯೆ, ವಿಧಾನಸೌಧದ ಕೂಗಳತೆಯಲ್ಲಿ, ಬೆರಳೆಣಿಕೆಯ ಅಡಿಗಳಲ್ಲೇ ನೀರು ಸಿಗಬಹುದು ಎಂದು ತೋರಿಸಿಕೊಟ್ಟ ಕೆಲಸ ಅದು. ಬಯೋಮ್ ಟ್ರಸ್ಟಿನ ಎಸ್. ವಿಶ್ವನಾಥ್ ಅವರು ನಗರಕ್ಕೆ ಹತ್ತು ಲಕ್ಷ ಬಾವಿ ಎಂಬ ಗುರಿ ಮುಂದಿಟ್ಟಾಗ ನಕ್ಕವರಿದ್ದರು. ಬಾವಿ ಕಾಯಕದ ಕುಟುಂಬಗಳಿಗಂತೂ ಅದರಿಂದ ಮತ್ತೆ ಕೆಲಸ ಸಿಕ್ಕಿದೆ.

ಆಕ್ಷೇಪಗಳಲ್ಲಿ ಮೊದಲಿನದು, ದೊಡ್ಡದು: ಚರಂಡಿಯಲ್ಲಿ ಹರಿಯುವುದು ಮಳೆನೀರೋ, ಮಲನೀರೋ? ಪ್ರಶ್ನೆ ನ್ಯಾಯವಾದದ್ದೇ. ರಾಜಕಾಲುವೆಯ ನೀರನ್ನು ಉದ್ಯಾನಕ್ಕೆ ತಿರುಗಿಸುವುದೆಂದರೆ ಒಳಚರಂಡಿಯನ್ನೇ ಬಾವಿಗೆ ಬಿಟ್ಟಂತೆ. ಅದಕ್ಕಾಗಿಯೇ ಇಂಗುಕೊಳ ಮೇಲಿನ ದಿಣ್ಣೆಯಲ್ಲಿರಬೇಕು ಎನ್ನುವುದು. ಸೂರಿನ ನೀರು, ಬೀದಿಯ ಮೈಮೇಲೆ ಹರಿಯುವ ನೀರು ಕೊಳಕಿನ ಜೊತೆ ಬೆರೆಯುವ ಮೊದಲೇ, ಜಾಲರಿಗೆ ಬೀಳುವ ಮೊದಲೇ, ಕಟ್ಟೆಗಲ್ಲು ಸೀಳಿ ಒಳಗೆ ಕರೆದುಕೊಳ್ಳಬೇಕು. ರಸ್ತೆಯ ಎಣ್ಣೆ, ಟೈರಿನ ಪುಡಿ, ಸೀಸದಂಥ ಲೋಹ ಏನಾಗುತ್ತವೆ? ಲಾಂಗ್ ಐಲ್ಯಾಂಡ್‌ನಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡದ್ದೆಂದರೆ, ಲೋಹಗಳೂ ರೋಗಾಣುಗಳೂ ಬಹುಪಾಲು ಕೊಳದ ತಳದ ಮಣ್ಣಿನಲ್ಲೇ ಸಿಕ್ಕಿಬೀಳುತ್ತವೆ. ಮಣ್ಣಿಗೆ ಹಿಡಿಯಲಾಗದ್ದು, ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು. ಆ ಕಾಟ ಕರ್ನಾಟಕಕ್ಕಿಲ್ಲ. ಆದರೆ ಸೋಸುವ ಕೆಲಸ ಮಾಡುವುದು ಮೇಲಿನ ಮಣ್ಣು ಮತ್ತು ಬೇರು. ಆದ್ದರಿಂದ ಬೀದಿಯ ನೀರನ್ನು ನೇರವಾಗಿ ಇಂಗುಬಾವಿಗೆ ಇಳಿಸದೆ, ಹುಲ್ಲಿನ ಮೇಲೆ ಹರಿಸಿ, ತಿಳಿಯಾದದ್ದನ್ನಷ್ಟೇ ಬಾವಿಯ ಬಾಯಿಗೆ ಬಿಡಬೇಕು. ಕಾರ್ಖಾನೆ ಪ್ರದೇಶ, ಪೆಟ್ರೋಲ್ ಬಂಕ್, ಗ್ಯಾರೇಜುಗಳ ನೀರನ್ನು ಮಾತ್ರ ಇದರ ಹತ್ತಿರಕ್ಕೂ ಸೇರಿಸಬಾರದು.

ಎರಡನೆಯದು ಸೊಳ್ಳೆ. ಡೆಂಗಿ ಕಾಲದಲ್ಲಿ ನೀರು ನಿಲ್ಲಿಸಿ ಎನ್ನುವವರ ಮೇಲೆ ಬಡಾವಣೆಯ ಹಿರಿಯರು ಸಿಟ್ಟಾಗುವುದು ಸಹಜ. ಸೊಳ್ಳೆಯ ಮೊಟ್ಟೆ ಲಾರ್ವಾ ಆಗಿ, ರೆಕ್ಕೆ ಬಲಿತು ಹಾರುವುದಕ್ಕೆ ವಾರವಾದರೂ ಬೇಕು. 72 ಗಂಟೆಯೊಳಗೆ ಒಣಗುವ ತಗ್ಗಿನಲ್ಲಿ ಅದರ ಸಂಸಾರ ಪೂರ್ತಿಯಾಗುವುದಿಲ್ಲ. ಅದು ಬೆಳೆಯುವುದು ಎಸೆದ ಎಳನೀರು ಚಿಪ್ಪಿನಲ್ಲಿ, ಸಂಪಿನ ಮುಚ್ಚಳದ ಸಂದಿನಲ್ಲಿ, ಹರಿಯದೆ ನಿಂತ ಇದೇ ಚರಂಡಿಗಳಲ್ಲಿ.

ಮೂರನೆಯದೇ ನಿಜವಾದ ಭಯ: ಮಾಡಿ ಮರೆಯುವುದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1990ರ ಹೊತ್ತಿಗೆ ಇಂಗುಕೊಳಗಳನ್ನು ಒಂದೊಂದಾಗಿ ತಪಾಸಣೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಕೊಳಗಳು ಅಂದುಕೊಂಡಂತೆ ಕೆಲಸ ಮಾಡುತ್ತಿರಲಿಲ್ಲ. ಹೂಳು ಸಾರಿಸಿದ ನೆಲದಂತೆ ತಳವನ್ನು ಮುಚ್ಚಿತ್ತು. ಕಟ್ಟುವಾಗಲೇ ಭಾರಿ ಯಂತ್ರ ಓಡಿಸಿ ಮಣ್ಣನ್ನು ಗಟ್ಟಿ ಮಾಡಿದರೂ ಇದೇ ಗತಿ. ಬೆಂಗಳೂರಿನಂಥ ಸದಾ ಕಟ್ಟಡ ಏಳುತ್ತಲೇ ಇರುವ ಊರಲ್ಲಿ, ರಸ್ತೆ ಬದಿಯ ಎಂ-ಸ್ಯಾಂಡ್ ಗುಡ್ಡೆಗಳೆಲ್ಲ ಒಂದು ಮಳೆಗೆ ಕೊಳದ ತಳ ಸೇರಬಹುದು. ಇದಕ್ಕೆ ಉಪಾಯ ಇಲ್ಲದಿಲ್ಲ. ನೀರು ಒಳಬರುವ ಬಾಯಲ್ಲೇ ಸಣ್ಣದೊಂದು ಹೂಳುಗುಂಡಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಧ್ಯೆ ಒಮ್ಮೆ ಅದನ್ನು ಬಾಚುವ ಕೆಲಸ. ತಳದಲ್ಲಿ ಕಾರ್ಪೆಟ್ ಹುಲ್ಲಿನ ಬದಲು ಗರಿಕೆ, ಅಂಚಿಗೆ ಲಾವಂಚ; ಬೇರಿಳಿದ ಕಡೆ ಮಣ್ಣು ಬಾಯಿ ತೆರೆದುಕೊಂಡೇ ಇರುತ್ತದೆ. ಹೊಳೆದಂಡೆಯಲ್ಲಿ ಬೆಳೆಯುವ ಹೊಳೆಮತ್ತಿ, ಹೊಂಗೆ, ನೇರಳೆಗಳಿಗೆ ಎರಡು ದಿನ ಬುಡದಲ್ಲಿ ನೀರು ನಿಂತರೆ ಬೇಸರವಿಲ್ಲ. ಗುತ್ತಿಗೆದಾರನಿಗೆ ಅಗೆದದ್ದಕ್ಕೆ ಬಿಲ್ ಪಾಸು ಮಾಡುವ ಬದಲು, ಜೋರು ಮಳೆಯಾದ ಮೂರನೆಯ ದಿನ ಕೊಳ ಒಣಗಿದೆಯೇ ಎಂದು ನೋಡಿ ಪಾಸು ಮಾಡಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮಳೆನೀರು ಹಿಡಿಯುವ ಭಾರವನ್ನು ಇಲ್ಲಿಯವರೆಗೆ ಹೊತ್ತಿರುವುದು ಮನೆಯವರು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, 60×40ರ ಹಳೆಯ ಮನೆಗಳಿಗೂ 30×40ರ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಲಾಯಿತು. ಮಾಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಡ್ರಮ್ಮು, ಜಲ್ಲಿ, ಪೈಪು ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ದಂಡ ಕಟ್ಟುವುದೇ ಹಗುರ ಎಂದು ತಿಂಗಳು ತಿಂಗಳು ಕಟ್ಟುತ್ತಿರುವ ಮನೆಗಳಿಗೂ ಕೊರತೆಯಿಲ್ಲ. ಹೇಗೆ ಮಾಡಿಸಬೇಕು ಎಂದು ತೋರಿಸಲು ಜಯನಗರದಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಮಳೆಕೊಯ್ಲು ಕೇಂದ್ರವೂ ಇದೆ. ಇಷ್ಟಾಗಿಯೂ ಮನೆಯವನ ಹನ್ನೆರಡು ನೂರು ಚದರಡಿಗೆ ಇರುವ ನಿಯಮ, ಸರ್ಕಾರದ ಕೈಯಲ್ಲಿರುವ ಎಕರೆಗಟ್ಟಲೆ ಉದ್ಯಾನಗಳಲ್ಲಿ ಕಾಣುವುದು ಅಪರೂಪ. ಅಲ್ಲಿ ಕಾಣುವುದು ಕಾರಂಜಿ, ಗ್ರಾನೈಟ್ ಬೆಂಚು, ಕಲ್ಲಿನ ಕಮಾನು, ಶಾಸಕರ ಹೆಸರಿನ ಫಲಕ.

ಹಣದ ಮಾತು ಬಂದರೂ ಲೆಕ್ಕ ಇತ್ತಕಡೆಯೇ ವಾಲುತ್ತದೆ. ನಗರದಲ್ಲಿ ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ರಾಜಕಾಲುವೆ ಇದೆ. ಅದನ್ನು ಅಗಲಿಸಬೇಕೆಂದರೆ ಭೂಸ್ವಾಧೀನ, ಒತ್ತುವರಿ ತೆರವು, ತಡೆಯಾಜ್ಞೆ, ಮತ್ತೆ ವಿಚಾರಣೆ. ಒತ್ತುವರಿ ತೆರವು ಆಗಲೇಬೇಕು. ಅದು ಮುಗಿಯುವವರೆಗೆ ಮಳೆ ಕಾಯುವುದಿಲ್ಲ. ಉದ್ಯಾನಕ್ಕೆ ಇದ್ಯಾವುದೂ ಅಡ್ಡಿಯಿಲ್ಲ. ನೆಲ ಪಾಲಿಕೆಯದು, ಖಾತೆ ಪಾಲಿಕೆಯದು. ಸಾವಿರಕ್ಕೂ ಹೆಚ್ಚು ಉದ್ಯಾನಗಳು ಈಗ 2025ರಲ್ಲಿ ಹುಟ್ಟಿದ ಐದು ನಗರ ಪಾಲಿಕೆಗಳಿಗೆ ಹಂಚಿಹೋಗಿವೆ. ಹೊಸ ಪಾಲಿಕೆಗಳಿಗೆ ಹಳೆಯ ರೂಢಿಯ ಹಂಗಿಲ್ಲ. ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಇನ್ನು ಮುಂದೆ ಯಾವ ಉದ್ಯಾನದ ಅಭಿವೃದ್ಧಿ ಕಾಮಗಾರಿಯಲ್ಲೂ ಹೊರಗಿನಿಂದ ಮಣ್ಣು ತಂದು ಹುಲ್ಲುಹಾಸು ಎತ್ತರಿಸುವಂತಿಲ್ಲ, ತಗ್ಗಿಸಿದ ಭಾಗ ಎಷ್ಟೆಂದು ನಕ್ಷೆಯಲ್ಲಿ ತೋರಿಸದೆ ಟೆಂಡರ್ ಕರೆಯುವಂತಿಲ್ಲ. ಹೊಸ ಬಡಾವಣೆಗಳ ನಕ್ಷೆಗೆ ಒಪ್ಪಿಗೆ ಕೊಡುವಾಗಲೂ ಇದೇ ಷರತ್ತು ಇರಲಿ: ಯಾರಿಗೂ ಮಾರಾಟವಾಗದ ಮೂಲೆಯನ್ನು ಉದ್ಯಾನಕ್ಕೆ ಬಿಡುವ ಬದಲು ನೀರು ತಾನಾಗಿ ಇಳಿದು ಬರುವ ಜಾಗವನ್ನೇ ಉದ್ಯಾನವೆಂದು ಗುರುತಿಸಬೇಕು.

ಶುರು ಮಾಡಲು ವಾರ್ಡಿಗೊಂದು ಉದ್ಯಾನ ಸಾಕು. ಫೆಬ್ರುವರಿಯಲ್ಲಿ ಕಡ್ಡಿ ನೆಟ್ಟು ನೆಲ ಪರೀಕ್ಷೆ, ಮಾರ್ಚ್‌ನಲ್ಲಿ ಮರಗಳ ಬುಡ ಬಿಟ್ಟು ಅಗೆತ, ಏಪ್ರಿಲ್ ಮೊದಲ ವಾರ ಗರಿಕೆ ನಾಟಿ. ಅಗೆದ ಕೆಮ್ಮಣ್ಣನ್ನು ಬೇಕೆನ್ನುವ ತೋಟದವರು ತಾವೇ ಟ್ರ್ಯಾಕ್ಟರ್ ತಂದು ಒಯ್ಯುತ್ತಾರೆ. ಕೊನೆಯ ಕೆಲಸ ಎಲ್ಲಕ್ಕಿಂತ ಚಿಕ್ಕದು. ರಸ್ತೆಯ ನೀರು ಬಂದು ಢಿಕ್ಕಿ ಹೊಡೆಯುವ ಕಡೆ, ಉದ್ಯಾನದ ಕಾಂಪೌಂಡಿನ ಬುಡದಲ್ಲಿ, ಎರಡು ಗೇಣು ಅಗಲದ ನಾಲ್ಕು ಕಿಂಡಿ ಕೊರೆಯುವುದು. ಮೇ ತಿಂಗಳ ಮೊದಲ ಜೋರು ಮಳೆಗೆ ಚಪ್ಪರದಡಿ ನಿಂತವರು, ಈ ಸಲ ಕೆಂಪು ನೀರು ಗೇಟಿನಿಂದ ಹೊರಗೆ ಹೋಗುವ ಬದಲು ಕಿಂಡಿಯಿಂದ ಒಳಗೆ ಬರುವುದನ್ನು ನೋಡಬಹುದು.